ಓಣಿಗೆ ಬೀಗ ಹಾಕುವ ಅಧಿಕಾರ ಸಂಘಕ್ಕೆ ಎಲ್ಲಿಂದ ಬಂತು?

ಈ ಸಲ ಬಂದ ಪತ್ರಗಳಲ್ಲಿ ಬಡಾವಣೆ ಸಂಘಗಳ ಜಗಳವೇ ಜಾಸ್ತಿ. ಅದರಲ್ಲೂ ದಾರಿ ಮುಚ್ಚಿದ ದೂರು ಮತ್ತೆ ಮತ್ತೆ ಬರುತ್ತಿದೆ. ಇದನ್ನು ಹಿಂದೆಯೂ ಬರೆದಿದ್ದೇನೆ. ಆದರೂ ಜನ ಅದೇ ತಪ್ಪು ಮಾಡಿಕೊಂಡು ಬರುತ್ತಾರೆ. ಹಾಗಾಗಿ ಇವತ್ತು ಒಂದೇ ಪತ್ರಕ್ಕೆ ಹೆಚ್ಚು ಜಾಗ.

ಪ್ರಶ್ನೆ: ನಮ್ಮದು ದಾವಣಗೆರೆ, ಶಾಮನೂರು ರಸ್ತೆ ಕಡೆಯ ಬಡಾವಣೆ. ಮನೆ ಪಕ್ಕದ 6 ಅಡಿ ಓಣಿಯಲ್ಲಿ 23 ವರ್ಷದಿಂದ ಓಡಾಡುತ್ತಿದ್ದೇವೆ. ಸಂಘದ ಚುನಾವಣೆಯಲ್ಲಿ ನಮ್ಮ ಯಜಮಾನರು ಅಧ್ಯಕ್ಷರ ಎದುರು ನಿಂತು ಸೋತರು. ಮುಂದಿನ ವಾರವೇ ಓಣಿಯ ಗೇಟಿಗೆ ಬೀಗ ಬಿತ್ತು. ‘ಬಾಕಿ ಕಟ್ಟಿ, ಅನುಮತಿ ಪತ್ರಕ್ಕೆ ಸಹಿ ಹಾಕಿ, ಆಮೇಲೆ ಕೀ ಕೊಡ್ತೀವಿ’ ಅಂತಾರೆ. ಅತ್ತೆ ವಾಕರ್ ಹಿಡಿದು ನಡೆಯುವವರು, ಸುತ್ತು ಹಾಕಿ ಬರಲು ಆಗುವುದಿಲ್ಲ. ಏನು ಮಾಡಲಿ?

ಉತ್ತರ: ಮೊದಲು, ಆ ಪತ್ರಕ್ಕೆ ಸಹಿ ಹಾಕಬೇಡಿ ಅಮ್ಮ. ಹಾಕಿದ್ದರೆ ಇವತ್ತೇ ವಕೀಲರ ಹತ್ತಿರ ಹೋಗಿ. ‘ಸಂಘದ ಅನುಮತಿ ಮೇರೆಗೆ ಓಡಾಡುತ್ತಿದ್ದೇನೆ’ ಅನ್ನುವ ಒಂದು ಸಾಲು ನಿಮ್ಮ 23 ವರ್ಷವನ್ನೇ ನುಂಗಿಬಿಡಬಹುದು. 1882ರ ಈಸ್‌ಮೆಂಟ್ ಕಾಯ್ದೆಯ 15ನೇ ಕಲಂ ಪ್ರಕಾರ, ಇನ್ನೊಬ್ಬರ ಜಾಗದಲ್ಲಿ 20 ವರ್ಷ ಎಲ್ಲರಿಗೂ ಕಾಣುವಂತೆ, ತಡೆಯಿಲ್ಲದೆ, ಹಕ್ಕು ಅಂತಲೇ ಓಡಾಡಿದ್ದರೆ ದಾರಿಯ ಹಕ್ಕು ಹುಟ್ಟುತ್ತದೆ. ಅನುಮತಿ ಕೇಳಿ ಓಡಾಡಿದವರಿಗೆ ಅದು ಹುಟ್ಟುವುದಿಲ್ಲ. ಆ ಕಾಗದ ಯಾಕೆ ಮುಂದೆ ಬಂತು ಅಂತ ಈಗ ಗೊತ್ತಾಯಿತಲ್ವಾ?

ಆದರೆ ನಿಮಗೆ 20 ವರ್ಷದ ಲೆಕ್ಕವೇ ಬೇಡವಾಗಬಹುದು. ಕ್ರಯಪತ್ರ ತೆಗೆದು ಚಕ್ಕುಬಂದಿ, ಅಂದರೆ ಸೈಟಿನ ನಾಲ್ಕು ದಿಕ್ಕಿನ ಗಡಿ ವಿವರ, ಓದಿ. ‘ಪೂರ್ವಕ್ಕೆ: 6 ಅಡಿ ಓಣಿ’ ಅಂತ ಇದೆಯೋ, ‘ಪೂರ್ವಕ್ಕೆ: ಇಂಥವರ ಸೈಟು’ ಅಂತ ಇದೆಯೋ? ಆಮೇಲೆ ದೂಡಾದಿಂದ (ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ) ಬಡಾವಣೆಯ ಮಂಜೂರಾದ ನಕ್ಷೆಯ ಪ್ರತಿ ತನ್ನಿ. ಸುಮ್ನೆ ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಬರಬೇಕು. ನಕ್ಷೆಯಲ್ಲಿ ಅದು ರಸ್ತೆ ಅಥವಾ ಓಣಿ ಎಂದಿದ್ದು, ಪ್ರಾಧಿಕಾರಕ್ಕೋ ಪಾಲಿಕೆಗೋ ಬಿಟ್ಟುಕೊಟ್ಟಿದ್ದರೆ ಅದು ಸಾರ್ವಜನಿಕ ದಾರಿ. ಸಂಘ ನೂರು ಠರಾವು ಮಾಡಲಿ, ಬೀಗ ಹಾಕುವಂತಿಲ್ಲ. ಪಾಲಿಕೆ ಆಯುಕ್ತರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.

ಖಾಸಗಿ ಜಾಗವೇ ಆಗಿದ್ದರೆ ಸಿವಿಲ್ ಕೋರ್ಟಿಗೆ ಹೋಗಬೇಕು. ಬೀಗ ತೆಗೆಸಲು ಒಂದು ಆಜ್ಞೆ, ಮತ್ತೆ ಅಡ್ಡಿ ಮಾಡದಂತೆ ಶಾಶ್ವತ ತಡೆಯಾಜ್ಞೆ, ಎರಡನ್ನೂ ಒಂದೇ ದಾವೆಯಲ್ಲಿ ಕೇಳಿ. ತಡ ಮಾಡಬೇಡಿ. ಅಡ್ಡಿ ಗೊತ್ತಾಗಿಯೂ ಒಂದು ವರ್ಷ ಬಾಯಿ ಮುಚ್ಚಿಕೊಂಡಿದ್ದರೆ ಅದನ್ನು ನೀವು ಒಪ್ಪಿಕೊಂಡಂತೆ ಆಗುತ್ತದೆ. 20 ವರ್ಷದ ಓಡಾಟ ದಾವೆ ಹಾಕುವ ದಿನದ ಹಿಂದಿನ ಎರಡು ವರ್ಷದೊಳಗಿನ ತನಕವೂ ನಡೆದಿರಬೇಕು, ಅದಕ್ಕಿಂತ ಮೊದಲೇ ನಿಂತಿರಬಾರದು ಅನ್ನುವುದೂ ಅದೇ 15ನೇ ಕಲಮಿನಲ್ಲಿದೆ. ‘ದೊಡ್ಡವರು ಕೂತು ಮಾತಾಡ್ತಾರೆ’ ಅಂತ ಕಾದು ಕಾದು ಹಕ್ಕು ಕಳೆದುಕೊಂಡವರ ಕಡತಗಳು ನನ್ನ ಮೇಜಿನ ಮೇಲಿವೆ. ಮಾತಾಡಲಿ, ಬೇಡ ಅನ್ನುವುದಿಲ್ಲ. ಆದರೆ ಅದಕ್ಕಿಂತ ಮೊದಲು ನಿಮ್ಮ ಆಕ್ಷೇಪಣೆ ನೋಂದಾಯಿತ ಅಂಚೆಯಲ್ಲಿ ಹೋಗಿರಲಿ.

ಬಾಕಿ ಬೇರೆ ವಿಷಯ, ದಾರಿ ಬೇರೆ ವಿಷಯ. ನಿಜವಾಗಿ ಬಾಕಿ ಇದ್ದರೆ ಬ್ಯಾಂಕ್ ಮೂಲಕ ಕಟ್ಟಿ ರಸೀದಿ ಇಟ್ಟುಕೊಳ್ಳಿ. ಇಲ್ಲದಿದ್ದರೆ ಕೋರ್ಟಿನಲ್ಲಿ ಅವರು ಅದನ್ನೇ ಹಿಡಿದು ಎಳೆದಾಡುತ್ತಾರೆ.

ಬೀಗ ಮಾತ್ರ ಒಡೆಯಬೇಡಿ. ಒಬ್ಬರು ಸಿಟ್ಟಿಗೆದ್ದು ಗರಗಸದಲ್ಲಿ ಬೀಗ ಕೊಯ್ದು ಬಂದರು. ಬೀಗ ಹಾಕಿದವರ ಬಗ್ಗೆ ಪೊಲೀಸರು ‘ಸಿವಿಲ್ ಸ್ವರೂಪದ್ದು’ ಅಂತ ಹಿಂಬರಹ ಕೊಟ್ಟಿದ್ದರು. ಕೊಯ್ದವರ ಮೇಲೆ ಮಾತ್ರ ಕೇಸ್ ದಾಖಲಾಯಿತು. ದಾರಿಯ ದಾವೆ ಬಿಟ್ಟು ಅವರು ಜಾಮೀನಿಗೆ ಓಡಾಡಿದರು. ಇದನ್ನು ನೋಡಿದ ಮೇಲೆ ನಾನು ಈ ವಿಷಯದಲ್ಲಿ ತುಂಬಾ ಹುಷಾರು.

ಪ್ರಶ್ನೆ: ನೂರು ರೂಪಾಯಿ ಬಾಂಡಿನಲ್ಲಿ ನೋಟರಿ ಮಾಡಿಸಿದರೆ ದಾರಿ ಹಕ್ಕು ಖಾಯಂ ಆಗುತ್ತದೆ ಅಂತ ಏಜೆಂಟರು ಹೇಳಿದ್ದಾರೆ, ಹೌದಾ?

ಉತ್ತರ: ಇಲ್ಲ. ಸ್ಥಿರಾಸ್ತಿಯ ಹಕ್ಕಿನ ಬೆಲೆ 100 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ, ಅದನ್ನು ಬರೆದುಕೊಡುವ ಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ಈ ಏಜೆಂಟರು ಬಡವರ ದುಡ್ಡು ತಿನ್ನುತ್ತಿದ್ದಾರೆ. ನನಗೆ ಇದರ ಮೇಲೆ ತುಂಬಾ ಸಿಟ್ಟಿದೆ.

ಪ್ರಶ್ನೆ: ಚಿತ್ರದುರ್ಗದಲ್ಲಿ ನಮ್ಮ ಸಂಘದ ಅಧ್ಯಕ್ಷರು ನಾಲ್ಕು ವರ್ಷದಿಂದ ಸಭೆಯನ್ನೂ ಕರೆದಿಲ್ಲ, ಚುನಾವಣೆಯನ್ನೂ ಮಾಡಿಲ್ಲ.

ಉತ್ತರ: ಸಂಘ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಇದ್ದರೆ ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಆಗಲೇಬೇಕು. ಮೂರನೇ ಒಂದರಷ್ಟು ಸದಸ್ಯರ ಸಹಿ ಕೂಡಿಸಿ, 25ನೇ ಕಲಂ ಕೆಳಗೆ ವಿಚಾರಣೆ ಕೋರಿ ಜಿಲ್ಲಾ ಸಂಘಗಳ ನೋಂದಣಾಧಿಕಾರಿಗೆ ಅರ್ಜಿ ಕೊಡಿ. ಅಷ್ಟು ಸಹಿ ಇದ್ದರೆ ಅವರು ವಿಚಾರಣೆ ಮಾಡಲೇಬೇಕು. ವಾಟ್ಸಾಪ್ ಗುಂಪಿನಲ್ಲಿ ಬೈದರೆ ಏನೂ ಆಗುವುದಿಲ್ಲ.

ಪ್ರಶ್ನೆ: ಊರಲ್ಲಿಲ್ಲದ ಯಜಮಾನರ ಬದಲು ನಾನು ಮತ ಹಾಕಬಹುದೇ?

ಉತ್ತರ: ನಿಮ್ಮ ಸಂಘದ ಬೈಲಾ (ನಿಯಮಾವಳಿ) ಓದಿ, ಉತ್ತರ ಅದರಲ್ಲೇ ಇದೆ.

ಪ್ರಶ್ನೆ: ಓಣಿ ನಮ್ಮ ಬಾಗಿಲಿಗೆ ನೇರ ಬರುತ್ತದೆ, ವಾಸ್ತು ದೋಷ, ಮುಚ್ಚಿಸಿ ಅಂದಿದ್ದಾರೆ.

ಉತ್ತರ: ಮುಚ್ಚಬೇಡಿ. ಹಾಗೆ ಹೇಳಿದವರು ನಿಮ್ಮ ಕೋರ್ಟ್ ಖರ್ಚು ಕೊಡುವುದಿಲ್ಲ. ಬೇಕಾದರೆ ನಿಮ್ಮ ಸೈಟಿನೊಳಗೆ ಬಾಗಿಲು ತಿರುಗಿಸಿಕೊಳ್ಳಿ.