ಕುದುರೆ ದಪ್ಪಗಾಗಿದೆ ಅಂತ ಉಪವಾಸ ಹಾಕಬೇಡಿ

ತೋಟದಲ್ಲಿ ಸಾಕಿರುವ ಮಾರ್ವಾಡಿ ಹೆಣ್ಣು ಕುದುರೆ, ವಯಸ್ಸು ಹನ್ನೆರಡು. ಮಳೆಗಾಲ ಮುಗಿಯುವಷ್ಟರಲ್ಲಿ ಜೀನಿನ ಪಟ್ಟ ಸಾಲದಷ್ಟು ದಪ್ಪಗಾಗಿದೆ. ದಿನಾ ಹುರುಳಿ, ಬೂಸಾ ಕೊಡುತ್ತೀರಿ, ಸವಾರಿ ಭಾನುವಾರ ಮಾತ್ರ. ಎರಡು ದಿನ ಮೇವು ನಿಲ್ಲಿಸಿದರೆ ಇಳಿಯುತ್ತಾ ಅಂತ ಕೇಳಿದ್ದೀರಿ.

ದಯವಿಟ್ಟು ನಿಲ್ಲಿಸಬೇಡಿ. ಕುದುರೆ ತಿನ್ನಲಿ ಬಿಡಲಿ, ಅದರ ಹೊಟ್ಟೆಯಲ್ಲಿ ಆಮ್ಲ ಇಡೀ ದಿನ ಬರುತ್ತಲೇ ಇರುತ್ತದೆ. ಹೊಟ್ಟೆ ಖಾಲಿ ಬಿಟ್ಟರೆ ಹುಣ್ಣಾಗುತ್ತದೆ. ಇನ್ನೊಂದು ಅಪಾಯವೂ ಇದೆ. ದಪ್ಪ ಕುದುರೆ ಉಪವಾಸ ಬಿದ್ದರೆ ಮೈಯಲ್ಲಿರುವ ಕೊಬ್ಬು ಒಮ್ಮೆಲೇ ರಕ್ತಕ್ಕೆ ಇಳಿದು ಲಿವರ್ ಕೆಡಬಹುದು. ಪೋನಿ (ಗಿಡ್ಡ ತಳಿಯ ಕುದುರೆ), ಕತ್ತೆಗಳಲ್ಲಿ ಇದು ಜಾಸ್ತಿ, ಜೀವಕ್ಕೇ ಕುತ್ತು.

ಮೊದಲು ಗೊರಸು ಮುಟ್ಟಿ ನೋಡಿ. ಬಿಸಿ ಇದೆಯಾ? ಅದರ ಮೇಲಿನ ನಾಡಿ ಜೋರಾಗಿ ಬಡಿಯುತ್ತಿದೆಯಾ? ತಿರುಗುವಾಗ ಹಿಂಜರಿಯುತ್ತಾ, ಭಾರವನ್ನು ಹಿಂಗಾಲಿಗೆ ಹಾಕಿ ನಿಲ್ಲುತ್ತಾ? ಹಾಗಿದ್ದರೆ ಅದು ಲ್ಯಾಮಿನೈಟಿಸ್, ಅಂದರೆ ಗೊರಸಿನೊಳಗಿನ ಉರಿಯೂತ ಇರಬಹುದು. ಅವತ್ತೇ ಪಶುವೈದ್ಯರನ್ನು ಕರೆಸಿ, ಒಂದು ಹೆಜ್ಜೆಯೂ ಓಡಿಸಬೇಡಿ. ಜೂಲಿನ ಬುಡದಲ್ಲಿ ಕತ್ತು ಉಬ್ಬಿ ಗಟ್ಟಿಯಾಗಿದ್ದರೆ, ಗೊರಸು ಸರಿಯಿದ್ದರೂ ಇನ್ಸುಲಿನ್ ಹೆಚ್ಚಿದೆಯಾ ಅಂತ ರಕ್ತ ಪರೀಕ್ಷೆ ಮಾಡಿಸಿ.

ಆಮೇಲೆ ಟೇಪ್ ಹಿಡಿಯಿರಿ. ಎದೆಸುತ್ತನ್ನು ಸೆಂಟಿಮೀಟರಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ. ಭುಜದ ತುದಿಯಿಂದ ಪೃಷ್ಠದ ತುದಿವರೆಗಿನ ಉದ್ದದಿಂದ ಮತ್ತೆ ಗುಣಿಸಿ, 11,880ರಿಂದ ಭಾಗಿಸಿ. ಎದೆಸುತ್ತು 180, ಉದ್ದ 160 ಇದ್ದರೆ ಸುಮಾರು 436 ಕೆಜಿ. ಕೈಯಿಂದಲೂ ನೋಡಿ. 1983ರಲ್ಲಿ ಅಮೆರಿಕದ ಡಾನ್ ಹೆನೆಕೆ ಕುದುರೆಯ ಮೈಕೊಬ್ಬು ಅಳೆಯಲು ಮಾಡಿದ 1ರಿಂದ 9ರ ಅಳತೆಯನ್ನೇ ನಾನೂ ಬಳಸುತ್ತೇನೆ; 1 ಅಂದರೆ ತೀರಾ ಬಡಕಲು, 9 ಅಂದರೆ ತೀರಾ ದಪ್ಪ. 5 ಅಂದರೆ ಪಕ್ಕೆಲುಬು ಕಣ್ಣಿಗೆ ಕಾಣಲ್ಲ, ಬೆರಳಿಗೆ ಸಲೀಸಾಗಿ ಸಿಗುತ್ತದೆ. ಒತ್ತಿ ಹುಡುಕಬೇಕಾದರೆ 7ರ ಹತ್ತಿರ ಬಂದಿದೆ ಅಂತ ಅರ್ಥ.

ಈಗ ಮೇವು. ಹುರುಳಿ ಜಟಕಾ ಎಳೆಯುವ ಕುದುರೆಗೆ ಬೇಕಿತ್ತು, ವಾರಕ್ಕೊಮ್ಮೆ ನಡೆಯುವ ಕುದುರೆಗೆ ಬೇಡ. ಹತ್ತು ದಿನದಲ್ಲಿ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಿ ಪೂರ್ತಿ ನಿಲ್ಲಿಸಿ. ಬೂಸಾ ಒಂದು ಹಿಡಿ ಇರಲಿ, ಕುದುರೆಗೆಂದೇ ಬರುವ ಖನಿಜ ಮಿಶ್ರಣವನ್ನು ಅದರಲ್ಲಿ ಕಲಸಿ ಕೊಡಬಹುದು. ದನದ ಫೀಡ್ ಮಾತ್ರ ಹತ್ತಿರ ತರಬೇಡಿ. ದನ, ಕೋಳಿಗಳ ಕೆಲವು ಫೀಡ್‌ಗಳಲ್ಲಿ ಮೊನೆನ್ಸಿನ್ ಅನ್ನುವ ಔಷಧ ಹಾಕಿರುತ್ತಾರೆ, ಅದು ಕುದುರೆಯ ಹೃದಯಕ್ಕೆ ವಿಷ.

ಒಣ ಲೆಕ್ಕದಲ್ಲಿ, ಅಂದರೆ ಮೇವಿನಲ್ಲಿರುವ ನೀರಿನಂಶ ಬಿಟ್ಟು, ಮೈತೂಕದ ಶೇ. 1.5ರಷ್ಟು ಮೇವು ದಿನಕ್ಕೆ ಸಾಕು. 436 ಕೆಜಿಗೆ ಅದು ಆರೂವರೆ ಕೆಜಿ, ಒಣಹುಲ್ಲಿನಲ್ಲಿ ತೂಗಿದರೆ ಏಳು ಕೆಜಿಗಿಂತ ಸ್ವಲ್ಪ ಜಾಸ್ತಿ. ಕಂತೆ ಲೆಕ್ಕ ಬೇಡ, ನೇತುಹಾಕುವ ತಕ್ಕಡಿಯಲ್ಲೇ ತೂಗಿ. ಹಸಿ ನೇಪಿಯರ್ ಹುಲ್ಲಿನಲ್ಲಿ ಐದರಲ್ಲಿ ನಾಲ್ಕು ಪಾಲು ನೀರು, ಹತ್ತು ಕೆಜಿ ಕೊಟ್ಟರೂ ಒಣ ಲೆಕ್ಕಕ್ಕೆ ಎರಡೇ ಕೆಜಿ. ಇದು ಗೊತ್ತಿಲ್ಲದೆ ಕುದುರೆಯನ್ನು ಹಸಿವಿನಲ್ಲಿಟ್ಟವರನ್ನು ನೋಡಿದ್ದೇನೆ, ಪಾಪ ಅನಿಸುತ್ತದೆ. ಲೂಸರ್ನ್ (ಕುದುರೆ ಮಸಾಲೆ) ಸೊಪ್ಪು ಸದ್ಯಕ್ಕೆ ಬೇಡ.

ಅಷ್ಟು ಮೇವನ್ನು ಮೂರು ನಾಲ್ಕು ಸಲ ಹಂಚಿ, ದೊಡ್ಡ ಪಾಲು ರಾತ್ರಿಗೆ. ಸಣ್ಣ ಕಣ್ಣಿನ ಬಲೆಯಲ್ಲಿ ತುಂಬಿ ಕಟ್ಟಿದರೆ ನಿಧಾನಕ್ಕೆ ಎಳೆದು ತಿನ್ನುತ್ತದೆ, ಬೇಜಾರೂ ಆಗಲ್ಲ. ಒಣಹುಲ್ಲನ್ನು ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆ ನೆನೆಸಿ ನೀರು ಚೆಲ್ಲಿದರೆ ಸಕ್ಕರೆ ಅಂಶ ಕಡಿಮೆಯಾಗುತ್ತದೆ. ನಮ್ಮ ಬಿಸಿಲಿಗೆ ಅದು ಬೇಗ ಹುಳಿಯುತ್ತದೆ, ತಕ್ಷಣ ಹಾಕಿಬಿಡಿ. ರಾಗಿ ಹುಲ್ಲು ಸ್ವಲ್ಪ ಬೆರೆಸಬಹುದು, ಆದರೆ ಒಮ್ಮೆಲೇ ಅದನ್ನೇ ಹಾಕಿದರೆ ಹೊಟ್ಟೆ ಕಟ್ಟುತ್ತದೆ. ನೀರು, ಉಪ್ಪು ಯಾವಾಗಲೂ ಎದುರಿಗಿರಲಿ.

ಗೊರಸು ಚೆನ್ನಾಗಿದ್ದರೆ ವಾರಕ್ಕೆ ಐದು ದಿನ ಜೋರು ನಡಿಗೆ ಮಾಡಿಸಿ. ಕೈಯಲ್ಲಿ ಹಿಡಿದು ನಡೆಸಿದರೂ ಆಯಿತು. ಟ್ರಾಟ್ (ನಡಿಗೆಗಿಂತ ವೇಗದ ಹಗುರ ಓಟ) ಕೆಲವು ವಾರ ಬಿಟ್ಟು ಸೇರಿಸಿ.

ವಾರಕ್ಕೆ ಎರಡರಿಂದ ನಾಲ್ಕು ಕೆಜಿ ಇಳಿದರೆ ಅದೇ ಒಳ್ಳೆಯ ವೇಗ. ಮೊದಲು ಹೊಟ್ಟೆಯ ಸುತ್ತಳತೆ ಕಮ್ಮಿಯಾಗುತ್ತದೆ, ಕತ್ತಿನ ಉಬ್ಬು ಕರಗುವುದು ಕೊನೆಗೆ. ತಿಂಗಳಾದರೂ ಟೇಪ್ ಅಲ್ಲಾಡಲಿಲ್ಲ ಅಂದರೆ ಸುಮ್ನೆ ಮೇವು ಇನ್ನಷ್ಟು ಕಡಿಯಬೇಡಿ, ವೈದ್ಯರನ್ನು ಕೇಳಿ.

ಇಳಿದ ತೂಕ ಮತ್ತೆ ಏರದಂತೆ ನೋಡಿಕೊಳ್ಳುವುದೇ ಹೆಚ್ಚು ಕಷ್ಟ, ಅದು ಕುದುರೆಗಿಂತ ಜನರ ಕೈಯಲ್ಲಿದೆ. ಕುದುರೆ ನೋಡಿಕೊಳ್ಳುವವರು, ಮನೆಯ ಮಕ್ಕಳು, ತೋಟಕ್ಕೆ ಬರುವ ನೆಂಟರು, ಎಲ್ಲರೂ ಪ್ರೀತಿಯಿಂದಲೇ ಬೆಲ್ಲ, ಬಾಳೆಹಣ್ಣು ಕೊಡುತ್ತಾರೆ ಅಲ್ವಾ? ಅವರನ್ನು ಕೂರಿಸಿ ಕಾರಣ ಹೇಳಿ. ಲಾಯದ ಬಾಗಿಲಿಗೆ ದಿನದ ಮೇವಿನ ಲೆಕ್ಕ ಬರೆದು ಅಂಟಿಸಿ. ಮೈ ಸರಿಯಾದ ಮೇಲೆ ಮೇವನ್ನು ಸ್ವಲ್ಪ ಸ್ವಲ್ಪವೇ ಏರಿಸಿ, ಹುರುಳಿಗೆ ಮಾತ್ರ ಮರಳಬೇಡಿ. ಜೂನ್‌ನಲ್ಲಿ ಮಳೆ ಬಿದ್ದು ಹಸಿರು ಚಿಗುರುವಾಗ ಬಯಲಿಗೆ ಬಿಡುವ ಮೊದಲು ಸ್ವಲ್ಪ ಸ್ವಲ್ಪವೇ ಮೇಯುವಂತೆ ಬಾಯಿಗೆ ಕಟ್ಟುವ ಬಾಯಿಬುಟ್ಟಿ ಹಾಕಿ. ಹೊತ್ತು ಕಡಿಮೆ ಮಾಡಿದರೆ ಮಾತ್ರ ಸಾಲದು, ಸಿಕ್ಕ ಎರಡು ಮೂರು ಗಂಟೆಯಲ್ಲೇ ಅದು ಗಬಗಬ ಮೇಯುತ್ತದೆ.

ಎದೆಸುತ್ತು, ಉದ್ದ ಅಳೆದು ಇಲ್ಲಿ ಹಾಕಿ. ಈಗ ಯಾವ ಹುಲ್ಲು ಕೊಡುತ್ತಿದ್ದೀರಿ ಅನ್ನುವುದನ್ನೂ ಬರೆಯಿರಿ, ನಿಮ್ಮ ಕುದುರೆಗೆ ತಕ್ಕ ಲೆಕ್ಕ ಮಾಡಿಕೊಡುತ್ತೇನೆ.