ಸೌಹಾರ್ದ ಸ್ಪರ್ಧೆಯಲ್ಲಿ ದೊಡ್ಡ ಕ್ಯಾಲಿಬರಿನ (ಹೆಚ್ಚು ವ್ಯಾಸದ ಗುಂಡಿನ) ಪಿಸ್ತೂಲು ಬಳಸುವವರಿಗೆ ಅಂಕಗಳ ಲಾಭವಿದೆಯೇ?

ಲೆಕ್ಕದಲ್ಲಿ ಸ್ವಲ್ಪ ಲಾಭವಿದೆ, ಆದರೆ ಬಹುಮಟ್ಟಿಗೆ ಅದನ್ನು ಕೈಯೇ ಕಳೆದುಬಿಡುತ್ತದೆ. ಕಾಗದದ ಗುರಿಯಲ್ಲಿ ರಂಧ್ರದ ಅಂಚು ಒಳವಲಯದ ಗೆರೆಯನ್ನು ಮುಟ್ಟಿದರೂ ಹೆಚ್ಚಿನ ಅಂಕವನ್ನೇ ಕೊಡುವುದು ವಾಡಿಕೆ. .22 ಗುಂಡಿನ ವ್ಯಾಸ ಸುಮಾರು 5.6 ಮಿ.ಮೀ., .45 ಗುಂಡಿನದು ಸುಮಾರು 11.4 ಮಿ.ಮೀ. ಇರುವುದರಿಂದ, ಎರಡರ ಕೇಂದ್ರಗಳೂ ಒಂದೇ ಬಿಂದುವಿಗೆ ಬಿದ್ದಾಗ .45ರ ಅಂಚು ಹೆಚ್ಚುಕಡಿಮೆ 3 ಮಿ.ಮೀ. ಮುಂದಕ್ಕೆ ಚಾಚಿರುತ್ತದೆ. 25 ಮೀಟರಿನ ನಿಖರತಾ ಗುರಿಯಲ್ಲಿ ಹತ್ತರ ವಲಯವೇ 50 ಮಿ.ಮೀ. ಅಗಲವಿರುವಾಗ ಇದು ಗೆರೆಯಂಚಿನ ಹೊಡೆತಗಳಲ್ಲಷ್ಟೇ ಉಪಯೋಗಕ್ಕೆ ಬರುತ್ತದೆ.

ನಷ್ಟ ಇದಕ್ಕಿಂತ ದೊಡ್ಡದು. ಹೆಚ್ಚು ಶಕ್ತಿಯ ತೋಟಾ ಹಾರಿಸುವ .44 ಮ್ಯಾಗ್ನಮ್‌ನಂಥ ರಿವಾಲ್ವರಿನ ಹಿಂದೊದೆತವನ್ನು ನಿರೀಕ್ಷಿಸುವ ಮಣಿಕಟ್ಟು, ಗುಂಡು ಹಾರುವ ಮೊದಲೇ ತನಗರಿವಿಲ್ಲದೆ ನಳಿಕೆಯನ್ನು ಕೆಳಕ್ಕೆ ಒತ್ತುತ್ತದೆ. ಅಭ್ಯಾಸದ ವೇಳೆ ತೋಟಾಗಳ ನಡುವೆ ಒಂದು ಡಮ್ಮಿಯನ್ನು (ಮದ್ದಿಲ್ಲದ ತೋಟಾವನ್ನು) ಸೇರಿಸಿ ನೋಡಿ: ಸದ್ದೇ ಬಾರದೆ ರಿವಾಲ್ವರಿನ ಸುತ್ತಿಗೆ ಬಡಿದ ಕ್ಷಣದಲ್ಲಿ ನಳಿಕೆಯ ತುದಿ ಬಾಗುವುದು ಪಕ್ಕದಲ್ಲಿ ನಿಂತವರಿಗೂ ಸ್ಪಷ್ಟವಾಗಿ ಕಾಣುತ್ತದೆ. (ಅನುಭವಿಗಳೂ ಇದಕ್ಕೆ ಹೊರತಲ್ಲ.)

ಅಂತಾರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟವು ತನ್ನ 25 ಮೀಟರ್ ಸೆಂಟರ್‌ಫೈರ್ (ತೋಟಾದ ತಳದ ನಡುವೆ ಬಡಿದು ಸಿಡಿಸುವ) ಪಿಸ್ತೂಲ್ ಸ್ಪರ್ಧೆಯಲ್ಲಿ ಕ್ಯಾಲಿಬರನ್ನು 7.62ರಿಂದ 9.65 ಮಿ.ಮೀ.ಗೆ ಸೀಮಿತಗೊಳಿಸಿದ್ದು, ಮ್ಯಾಗ್ನಮ್ ತೋಟಾಗಳಿಗೆ ಅವಕಾಶ ಕೊಟ್ಟಿಲ್ಲ. ಗೆಳೆಯರ ನಡುವಿನ ಪಂದ್ಯಕ್ಕೆ ಅಷ್ಟು ಬಿಗಿ ಬೇಕಿಲ್ಲ. ರಂಧ್ರದ ಅಂಚಿನ ಬದಲು ಅದರ ಕೇಂದ್ರ ಬಿದ್ದ ವಲಯಕ್ಕೆ ಅಂಕ ಕೊಡುವುದೆಂದು ಮೊದಲೇ ಒಪ್ಪಿಕೊಂಡರೆ, ಬೇರೆ ಬೇರೆ ಕ್ಯಾಲಿಬರಿನವರೂ ಒಂದೇ ಸಾಲಿನಲ್ಲಿ ನಿಂತು ಸ್ಪರ್ಧಿಸಬಹುದು.