‘ಎನಿವನ್’ ವಾಕ್ಯದ ಮೊದಲಿಗೆ ಏಕೆ ಬರುತ್ತದೆ?

ನಿಮ್ಮ ಚೀನೀ ವಿದ್ಯಾರ್ಥಿಗಳು ಎಷ್ಟು ತಿದ್ದಿದರೂ ‘ಯಾರೂ ಬರಲಿಲ್ಲ’ ಎನ್ನಲು ಇಂಗ್ಲಿಷಿನಲ್ಲಿ ‘ಎನಿವನ್ ಡಿಡ್ ನಾಟ್ ಕಮ್’ ಎಂದೇ ತಪ್ಪಾಗಿ ಬರೆಯುತ್ತಾರೆ, ಕಾರಣವೇನು ಎಂದು ಕೇಳಿದ್ದೀರಿ. ಅದು ಅಜಾಗರೂಕತೆಯಲ್ಲ, ತಾಯ್ನುಡಿಯ ಎಳೆತ. ಅವರ ಮ್ಯಾಂಡರಿನ್ ಚೀನೀ ಭಾಷೆಯಲ್ಲಿ ‘ಶೇಯ್ ತೋ ಮೇಯ್ ಲಾಯ್’ ಎನ್ನುತ್ತಾರೆ: ‘ಶೇಯ್’ ಎಂದರೆ ಯಾರು, ‘ತೋ’ ಎಂದರೆ ಎಲ್ಲ, ಉಳಿದದ್ದು ಬರಲಿಲ್ಲ. ನಮ್ಮ ‘ಯಾರೂ ಬರಲಿಲ್ಲ’ ಎಂಬುದರಂತೆಯೇ ಪ್ರಶ್ನಾರ್ಥಕ ಪದ ಮೊದಲು, ನಿಷೇಧ ಆಮೇಲೆ. ಹಾಗಾಗಿ ಕನ್ನಡಿಗರಾದ ನಿಮಗೆ ಅವರ ತೊಡಕು ಬೇಗ ಅರ್ಥವಾಗಬೇಕು!

ಇಂಗ್ಲಿಷಿನ ಹಟ ಬೇರೆ. ಅಲ್ಲಿ ನಿಷೇಧದ ವಾಕ್ಯದಲ್ಲಿ ‘ನಾಟ್’ನಂಥ ಪದ ಮೊದಲು ಬಂದರೆ ಮಾತ್ರ ಅದರ ನಂತರ ‘ಎನಿವನ್’ ಬರಬಹುದು. ‘ಐ ಡಿಡ್ ನಾಟ್ ಸೀ ಎನಿವನ್’ ಸರಿ. ಕರ್ತೃಸ್ಥಾನದಲ್ಲಾದರೆ ‘ನೋ ವನ್ ಕೇಮ್’ ಎಂದೇ ಹೇಳಬೇಕು. ಬೇರೆಲ್ಲ ಬಿಟ್ಟು ಮೊದಲು ಈ ಜೋಡಿಯನ್ನೇ ಬರೆಸಿ.

‘ಎನಿವನ್ ಕ್ಯಾನ್ ಜಾಯಿನ್’ ಅವರಿಗೆ ಕಷ್ಟವಾಗದು. ‘ಯಾರು ಬೇಕಾದರೂ’ ಎಂಬ ಈ ಅರ್ಥಕ್ಕೂ ‘ಶೇಯ್ ತೋ’ ಸಲ್ಲುತ್ತದೆ. ಪ್ರಶ್ನೆಗಳಲ್ಲಿ ಮಾತ್ರ ಕಿವಿಗೊಟ್ಟು ಕೇಳಿ: ‘ಡಸ್ ಎನಿವನ್ ನೋ’ ಎನ್ನಬೇಕಾದಲ್ಲಿ ‘ಡು’ ನುಸುಳುತ್ತದೆ. ಚೀನೀ ಕ್ರಿಯಾಪದಕ್ಕೆ ಏಕವಚನ, ಬಹುವಚನಗಳ ಗೊಡವೆಯೇ ಇಲ್ಲವಲ್ಲ! ಅದಕ್ಕೆ ಅಭ್ಯಾಸವೊಂದೇ ದಾರಿ, ವ್ಯಾಕರಣ ಪಾಠ ಬೇಡ.